ಒಪ್ಪದಿದ್ದ ಶೆಣೈ

1955ರಲ್ಲಿ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಸಮಿತಿಯೊಂದು ಎರಡನೇ ಪಂಚವಾರ್ಷಿಕ ಯೋಜನೆ ಹೇಗಿರಬೇಕೆಂದು ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟಿತು. ಪುಣೆಯ ಡಿ.ಆರ್. ಗಾಡ್ಗೀಳ್, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಅಂಥವರು ಅದರಲ್ಲಿದ್ದರು. ಯೋಜನೆಯ ಗಾತ್ರ ಮತ್ತು ದಾರಿಯ ಬಗ್ಗೆ ಉಳಿದವರೆಲ್ಲ ಒಮ್ಮತಕ್ಕೆ ಬಂದಾಗ ಒಬ್ಬರು ಮಾತ್ರ ಪ್ರತ್ಯೇಕವಾಗಿ ಭಿನ್ನಮತದ ಟಿಪ್ಪಣಿ ಬರೆದರು. ಅವರೇ ಬೆಳ್ಳಿಕೋತ್ ರಘುನಾಥ ಶೆಣೈ (1905–1978).

ಶೆಣೈ ನಮ್ಮ ಕರಾವಳಿಯವರು. ಬೆಳ್ಳಿಕೋತ್ ಅಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಕಾಶಿಯಲ್ಲಿ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿ, ರಿಸರ್ವ್ ಬ್ಯಾಂಕಿನಲ್ಲಿ ಕೆಲಸ ಮಾಡಿ, ಆ ಹೊತ್ತಿಗೆ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿದ್ದರು. ನಮ್ಮಂತೆಯೇ ಊರು ಬಿಟ್ಟವರು.

ಇಂದು ಆಫೀಸಿನ ಊಟದ ಟೇಬಲ್ಲಿನಲ್ಲಿ ಯಾರಾದರೂ ತಾನು 'ಲಿಬರ್ಟೇರಿಯನ್' ಎಂದರೆ, ಅಮೆರಿಕದ ಯಾವುದೋ ಪುಸ್ತಕ ಓದಿ ಬಂದಿರಬೇಕು ಅಂದುಕೊಳ್ಳುತ್ತೇವೆ. ಸರ್ಕಾರ ತನ್ನ ಮಿತಿಯಲ್ಲಿರಬೇಕು, ದುಡಿಯುವ, ಕೊಳ್ಳುವ, ಮಾರುವ ಆಯ್ಕೆ ವ್ಯಕ್ತಿಯದಾಗಿರಬೇಕು ಎನ್ನುವ ವಾದಕ್ಕೆ ನಮ್ಮಲ್ಲೇ ಒಂದು ಚರಿತ್ರೆಯಿದೆ. ಶೆಣೈ ಆ ಹಣೆಪಟ್ಟಿ ಹಚ್ಚಿಕೊಂಡವರಲ್ಲ, ಹಳೆಯ ಕಾಲದ ಉದಾರವಾದಿ. ಆದರೆ ಆ ವಾದದ ಗಟ್ಟಿ ಭಾಗ ಮತ್ತು ಕಷ್ಟದ ಭಾಗ ಎರಡೂ ಅವರ ಕತೆಯಲ್ಲಿ ಸಿಗುತ್ತವೆ.

ಅವರ ಮೊದಲ ತಕರಾರು ಸಿದ್ಧಾಂತದ್ದಲ್ಲ, ಲೆಕ್ಕದ್ದು. 1956ರಲ್ಲಿ ಅಂತಿಮವಾದ ಯೋಜನೆಯಲ್ಲಿ ಸರ್ಕಾರಿ ವಲಯದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ ಕೊರತೆ ಹಣಕಾಸಿನಿಂದ, ಅಂದರೆ ಬಹುಪಾಲು ಹೊಸ ನೋಟಿನಿಂದ ಬರಬೇಕು. 800 ಕೋಟಿ ವಿದೇಶಿ ನೆರವು. ಇನ್ನೂ 400 ಕೋಟಿ ಎಲ್ಲಿಂದ ಎಂಬುದೇ ತೀರ್ಮಾನವಾಗಿರಲಿಲ್ಲ, ಅದು 'ತುಂಬದ ಅಂತರ'. ವರ್ಷವಿಡೀ ಪ್ರಾಜೆಕ್ಟುಗಳ ಬಜೆಟ್ ನೋಡುವ ನನಗೆ ಈ ಪಟ್ಟಿಯನ್ನು ಓದುವಾಗ ಕಣ್ಣು ಮೊದಲು ನಿಂತದ್ದು ಆ ಸಾಲಿನ ಮೇಲೆ. ಯೋಜನೆ ಜನರ ಉಳಿತಾಯದ ಅಳತೆಯಲ್ಲಿರಬೇಕು, ನೋಟು ಅಚ್ಚುಹಾಕಿದರೆ ಸಂಪತ್ತು ಹುಟ್ಟುವುದಿಲ್ಲ, ಬೆಲೆ ಏರುತ್ತದೆ, ಅದರ ಹೊರೆ ಬಡವನ ಮೇಲೆ ಬೀಳುತ್ತದೆ ಎಂಬುದು ಶೆಣೈ ವಾದ.

ಉತ್ತರ ಬೇಗ ಬಂತು. 1956ರಲ್ಲಿ ನೋಟುಗಳಿಗೆ ಆಧಾರವಾಗಿ ರಿಸರ್ವ್ ಬ್ಯಾಂಕ್ 115 ಕೋಟಿಯ ಚಿನ್ನ, 400 ಕೋಟಿಯ ವಿದೇಶಿ ಸೆಕ್ಯುರಿಟಿ ಇಟ್ಟುಕೊಳ್ಳಬೇಕೆಂದು ಕಾನೂನಾಗಿತ್ತು. ವಿದೇಶಿ ವಿನಿಮಯ ಕರಗಿ, 1957ರಲ್ಲಿ ಎರಡೂ ಸೇರಿ 200 ಕೋಟಿಯಿದ್ದರೆ ಸಾಕೆಂದು ತಿದ್ದಬೇಕಾಯಿತು. 1958ರಲ್ಲಿ ಭಾರತಕ್ಕೆ ನೆರವು ನೀಡುವ ದೇಶಗಳ ಕೂಟವನ್ನು ವಿಶ್ವಬ್ಯಾಂಕ್ ಕರೆಯಿತು.

ಕೊರತೆ ಬಂದಲ್ಲಿ ಕಂಟ್ರೋಲು ಬರುತ್ತದೆ. ಯಾರು ಏನನ್ನು ಆಮದು ಮಾಡಬಹುದು, ಎಷ್ಟು ತಯಾರಿಸಬಹುದು ಎಂಬುದಕ್ಕೆಲ್ಲ ಅಧಿಕಾರಿಯ ಸಹಿ ಬೇಕಾಯಿತು. ಲೈಸೆನ್ಸಿಗೇ ಮಾರುಕಟ್ಟೆಯಲ್ಲಿ ಬೆಲೆ ಬಂದಾಗ ಲಾಭ ಹೋದದ್ದು ಬಡವರಿಗಲ್ಲ, ಲೈಸೆನ್ಸ್ ಸಿಕ್ಕ ದೊಡ್ಡ ಮನೆತನಗಳಿಗೆ ಎಂದು ಶೆಣೈ ಮತ್ತೆ ಮತ್ತೆ ಬರೆದರು. 1959ರಲ್ಲಿ ಎಂಬತ್ತರ ರಾಜಾಜಿ, ಮುಂಬಯಿಯ ಮೀನೂ ಮಸಾನಿ, ಆಂಧ್ರದ ಎನ್.ಜಿ. ರಂಗಾ ಸೇರಿ ಸ್ವತಂತ್ರ ಪಕ್ಷ ಕಟ್ಟಿದ್ದು ಈ 'ಲೈಸೆನ್ಸ್-ಪರ್ಮಿಟ್ ರಾಜ್' ಮತ್ತು ಕಾಂಗ್ರೆಸ್ಸಿನ ಸಹಕಾರಿ ಬೇಸಾಯದ ನಿರ್ಣಯದ ವಿರುದ್ಧ. ಆ ಪಕ್ಷ 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದಿತು, 1971ರಲ್ಲಿ 8ಕ್ಕೆ ಇಳಿಯಿತು. ರಾಜಮನೆತನದವರೂ ಜಮೀನುದಾರರೂ ಅದರಲ್ಲಿ ತುಂಬಿಕೊಂಡಿದ್ದರಿಂದ 'ಸ್ವಾತಂತ್ರ್ಯ ಯಾರಿಗೆ?' ಎಂಬ ಪ್ರಶ್ನೆ ಅದನ್ನು ಬಿಡಲೇ ಇಲ್ಲ.

ವಿದೇಶಿ ನೆರವಿನ ಬಗ್ಗೆಯೂ ಶೆಣೈ ಕಟುವಾಗಿದ್ದರು. ಸರ್ಕಾರದಿಂದ ಸರ್ಕಾರಕ್ಕೆ ಬರುವ ನೆರವು ತಪ್ಪು ನೀತಿಗೆ ಊರುಗೋಲಾಗುತ್ತದೆ ಎನ್ನುವುದು ಅವರ ನಿಲುವು. 1956ರಿಂದ ಪಿಎಲ್-480ರ ಅಡಿ ಬಂದ ಅಮೆರಿಕದ ಗೋಧಿಯನ್ನು ಅವರು ಹೀಗೆಯೇ ಕಂಡರು. ಬರದ 1965–67ರಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಕಂತುಕಂತಾಗಿ ಬಿಡುತ್ತ ದೆಹಲಿಯ ಮೇಲೆ ಒತ್ತಡ ಹೇರಿದರು, ವಿಯೆಟ್ನಾಂ ಬಗ್ಗೆ ನಮ್ಮ ಮಾತೂ ಅವರಿಗೆ ಕಹಿಯಾಗಿತ್ತು. ನೆರವು ಪುಕ್ಕಟೆಯಲ್ಲ ಎಂಬುದು ಸಾಬೀತಾಯಿತು. ಆದರೆ ಆ ಗೋಧಿ ತಿಂದು ಬದುಕಿದವರೂ ಇದ್ದರು. ಹಸಿದವನಿಗೆ 'ಮೊದಲು ನೀತಿ ಸರಿಯಾಗಲಿ' ಎನ್ನುವುದು ಹೇಗೆ? ಈ ವಾದ ಎಡವುವುದು ಇಲ್ಲಿಯೇ.

ನನಗೆ ಇನ್ನೊಂದು ಅನುಮಾನವೂ ಇದೆ. ನನ್ನ ಎಂಟೆಕ್‌ನ ಬಹುಪಾಲು ಖರ್ಚು ಭರಿಸಿದ್ದು ತೆರಿಗೆ ಕಟ್ಟಿದ ಜನ. ಬೆಂಗಳೂರಿಗೆ ಇಂಜಿನಿಯರುಗಳ ದಂಡು ಬಂದದ್ದು ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ಗಳಿಂದ. ಅವನ್ನೆಲ್ಲ ಆ ಕಾಲದ ಖಾಸಗಿ ಬಂಡವಾಳವೊಂದೇ ಕಟ್ಟುತ್ತಿತ್ತು ಎಂದು ನಾನು ನಂಬಲಾರೆ. ಎಚ್‌ಎಎಲ್ ಅನ್ನೇ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಶುರುಮಾಡಿದ್ದು ಮೈಸೂರು ಸರ್ಕಾರದ ಕೈ ಹಿಡಿದು. ಆದರೆ ಅದೇ ಸರ್ಕಾರಿ ಹಣದಲ್ಲಿ ಓದಿದವರು ಸ್ವಂತ ಕಂಪನಿ ತೆರೆದು ಒಂದು ಕಂಪ್ಯೂಟರ್ ತರಿಸಲು ಪರವಾನಗಿಗಾಗಿ ದೆಹಲಿಗೆ ಅಲೆಯಬೇಕಿತ್ತು ಎಂಬುದೂ ನಿಜ. ಸರ್ಕಾರ ಕಲಿಸಿದ್ದು ಸರಿ, ಕಲಿತವನ ಕೈ ಕಟ್ಟಿದ್ದು ಸರಿಯಲ್ಲ. ಶೆಣೈ ವಾದದಿಂದ ನಾನು ಉಳಿಸಿಕೊಳ್ಳುವುದು ಈ ಎರಡನೆಯ ಮಾತನ್ನು.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಅವರ ಟಿಪ್ಪಣಿಯನ್ನು ಅಂದಿನ ಸರ್ಕಾರ ಒಪ್ಪಲಿಲ್ಲ. ಆದರೆ ಮುಚ್ಚಿಡಲೂ ಇಲ್ಲ, ಯೋಜನೆಯ ಕಾಗದಪತ್ರಗಳ ಜೊತೆ ತಾನೇ ಅಚ್ಚುಹಾಕಿಸಿತು. ಹಾಗಾಗಿಯೇ ಎಪ್ಪತ್ತು ವರ್ಷಗಳ ನಂತರವೂ ಅದನ್ನು ಓದಿ, ಆ ಲೆಕ್ಕವನ್ನು ನಾವೇ ಕೂಡಿಸಿ ಕಳೆದು ನೋಡಬಹುದು. ಇಂದಿನ ಯಾವುದೇ ಸರ್ಕಾರದ ದೊಡ್ಡ ಘೋಷಣೆ ಬಂದಾಗ ನಾನು ಮೊದಲು ಹುಡುಕುವುದು ಅದರ 400 ಕೋಟಿಯ ಸಾಲನ್ನು, ಆಮೇಲೆ ಅದನ್ನು ಒಪ್ಪದವರ ಟಿಪ್ಪಣಿಯನ್ನು.