ಮುಂಡಾಜೆಯಲ್ಲಿ ಕೂತು ಲೋಗೋ ಮಾಡಿದರೆ ಎಷ್ಟು ಕೇಳಬೇಕು?

ಅಡಿಕೆಗೆ ಮದ್ದು ಬಿಡಲು ಬರುವವರ ಹತ್ತಿರ ನಮ್ಮ ಕಡೆ ಯಾರೂ ಹೆಚ್ಚು ಚೌಕಾಶಿ ಮಾಡುವುದಿಲ್ಲ. ಕೊಳೆರೋಗದ ಹೆದರಿಕೆ, ಮಳೆ ಬಿಡುವುದು ಎರಡೇ ದಿನ, ಮರ ಹತ್ತುವವರು ಕಡಿಮೆ; ಅವರು ಹೇಳಿದ್ದೇ ಸಂಬಳ. ಅದೇ ತೋಟದ ಯಜಮಾನರು ಮಗಳ ಮದುವೆ ಕಾಗದ ಡಿಸೈನ್ ಮಾಡಿಸುವಾಗ ಮಾತ್ರ, "ಕಂಪ್ಯೂಟರಲ್ಲಿ ಅರ್ಧ ಗಂಟೆಯ ಕೆಲಸ ಅಲ್ವಾ ಮಾರಾಯ" ಅಂತಾರೆ. ಮುಂಡಾಜೆ, ಉಜಿರೆ, ಬೆಳ್ತಂಗಡಿಯಲ್ಲಿ ಸ್ವಂತವಾಗಿ ಡಿಸೈನ್, ಫೋಟೋ, ವಿಡಿಯೋ ಎಡಿಟಿಂಗ್ ಮಾಡುವವರಿಗೆ ಈ ಮಾತು ಹೊಸದಲ್ಲ. ಉತ್ತರ ಕೊಡಬೇಕಾದರೆ ಮೊದಲು ನಮ್ಮ ಹತ್ತಿರ ಲೆಕ್ಕ ಇರಬೇಕು.

ಇಂಜಿನಿಯರಿಂಗ್ ಓದಿದ್ದರಲ್ಲಿ ನನಗೆ ಉಳಿದದ್ದು ಎಕ್ಸೆಲ್ ಒಂದೇ, ಅದರಲ್ಲೇ ಹೇಳ್ತೇನೆ. ತಿಂಗಳಿಗೆ 30,000 ರೂಪಾಯಿ ಕೈಗೆ ಬೇಕು ಅಂತಿಟ್ಟುಕೊಳ್ಳಿ, ವರ್ಷಕ್ಕೆ 3,60,000. ಒಂದೂವರೆ ಲಕ್ಷದ ಲ್ಯಾಪ್‌ಟಾಪ್, ಕ್ಯಾಮೆರಾ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 37,500. ಇಂಟರ್ನೆಟ್, ಇನ್ವರ್ಟರ್, ಸಾಫ್ಟ್‌ವೇರ್, ಪೆಟ್ರೋಲ್, ಆರೋಗ್ಯ ವಿಮೆ ಸೇರಿ 1,02,500. ಒಟ್ಟು 5 ಲಕ್ಷ. ಈಗ ಇದನ್ನು 365ರಿಂದ ಭಾಗಿಸುವುದು ದೊಡ್ಡ ತಪ್ಪು. ಪತ್ತನಾಜೆ ಕಳೆದರೆ ಆಟ, ನೇಮ ನಿಲ್ಲುತ್ತವೆ. ಆಟಿಯಲ್ಲಿ ಮದುವೆ ಇಲ್ಲ. ಉಳಿದ ದಿನಗಳಲ್ಲೂ ಕೊಟೇಶನ್ ಕಳಿಸುವುದು, "ಇನ್ನೊಂದು ಸಣ್ಣ ಚೇಂಜ್" ಮಾಡುವುದು, ದುಡ್ಡಿಗಾಗಿ ಫೋನ್ ಮಾಡುವುದು ಇದ್ದೇ ಇದೆ. ದುಡ್ಡು ಹುಟ್ಟುವ ದಿನಗಳು 125 ಸಿಕ್ಕಿದರೆ ಪುಣ್ಯ. ಅಂದರೆ ದಿನಕ್ಕೆ 4,000. ಇದಕ್ಕಿಂತ ಕೆಳಗೆ ಹೋದರೆ ಬಾಕಿಯನ್ನು ಅಪ್ಪನ ತೋಟ ಕಟ್ಟುತ್ತಿದೆ ಅಂತ ಅರ್ಥ. ತೋಟ ಇಲ್ಲದವರು ಈ ಕ್ಷೇತ್ರಕ್ಕೆ ಬರುವುದೇ ಕಷ್ಟವಾಗುವುದು ಹೀಗೆ. ಕಡಿಮೆ ರೇಟಿನ ಈ ಪರಿಣಾಮವನ್ನು ನಾವು ಯಾಕೋ ಮಾತಾಡುವುದಿಲ್ಲ.

ಎರಡನೆಯದು ಹಕ್ಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆತನ ಅದನ್ನು ಮಾಡಿದವರದ್ದು. ಆದರೆ ದುಡ್ಡು ಕೊಟ್ಟು ಹೇಳಿ ಮಾಡಿಸಿದ ಫೋಟೋ, ಪೇಂಟಿಂಗ್, ಭಾವಚಿತ್ರ, ಸಿನಿಮಾಗಳಿಗೆ ಇದು ಉಲ್ಟಾ. ಬೇರೆ ಒಪ್ಪಂದ ಇಲ್ಲದಿದ್ದರೆ ಮಾಡಿಸಿದವರೇ ಒಡೆಯರು. ಹಾಗಾಗಿ ಫೋಟೋಗ್ರಾಫರ್‌ಗಳು ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಬೇಕು. ಲೋಗೋ, ಬರಹದಂಥ ಕೆಲಸದಲ್ಲಿ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ಲಿಖಿತವಾಗಿ ಬಿಟ್ಟುಕೊಡುವ ತನಕ. ಅವಧಿ ನಮೂದಿಸದೆ ಬಿಟ್ಟುಕೊಟ್ಟರೆ ಸೆಕ್ಷನ್ 19ರಂತೆ ಅದು ಐದು ವರ್ಷ, ಜಾಗ ಹೇಳದಿದ್ದರೆ ಭಾರತಕ್ಕೆ ಮಾತ್ರ. ಉಜಿರೆಯ ಒಂದು ಬೇಕರಿ ಬೋರ್ಡಿಗೂ, ರಾಜ್ಯವಿಡೀ ಹೋಗುವ ಪ್ಯಾಕೆಟ್ಟಿಗೂ ಒಂದೇ ಲೋಗೋ ಆಗಬಹುದು. ಒಂದೇ ರೇಟ್ ಆಗಬೇಕಿಲ್ಲ. "ಅದೇ ಕೆಲಸಕ್ಕೆ ಅವರಿಗೆ ಕಡಿಮೆ ಮಾಡಿದ್ರಿ" ಅಂದವರಿಗೆ ಹೇಳಲು ಇದಕ್ಕಿಂತ ಗಟ್ಟಿ ಕಾರಣ ಇಲ್ಲ.

ಇನ್ನು ದುಡ್ಡು ಬರುವ ದಿನ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾನೂನು ಆ್ಯಪ್ ಮೂಲಕ ಕೆಲಸ ಮಾಡುವವರಿಗೆ. ವಾಟ್ಸ್ಯಾಪ್‌ನಲ್ಲಿ ನೇರವಾಗಿ ಕೆಲಸ ಹಿಡಿಯುವವರು ಅದರ ಹೊರಗೆ. ಅವರಿಗೆ ಇರುವ ಅಸ್ತ್ರ 2006ರ ಎಂಎಸ್‌ಎಂಇ ಕಾಯ್ದೆ. ಉದ್ಯಮ್ ನೋಂದಣಿ ಉಚಿತ, ಆನ್‌ಲೈನ್. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿ. ಆಮೇಲೆ ಲಿಖಿತ ಒಪ್ಪಂದ ಇದ್ದರೂ ಗ್ರಾಹಕ 45 ದಿನ ಮೀರುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಬೆಂಗಳೂರಿನ ಒಂದು ಕಂಪನಿ ನನ್ನ ಬರವಣಿಗೆಯ ದುಡ್ಡನ್ನು ನಾಲ್ಕು ತಿಂಗಳು ಎಳೆದಿತ್ತು. ಇನ್‌ವಾಯ್ಸ್ ಕೆಳಗೆ ಉದ್ಯಮ್ ನಂಬರ್, ಸೆಕ್ಷನ್ 16 ಅಂತ ಎರಡು ಸಾಲು ಸೇರಿಸಿ ಮತ್ತೆ ಕಳಿಸಿದೆ, ಅದೇ ವಾರ ಬಂತು. ಬಾರದಿದ್ದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು, ಅಲ್ಲಿ ತಾಳ್ಮೆ ಬೇಕು.

ಉಳಿಯುವುದು ಊರಿನ ಕೆಲಸ. ಬ್ರಹ್ಮಕಲಶದ ಆಮಂತ್ರಣ, ಯುವಕ ಮಂಡಲದ ಬ್ಯಾನರ್, ಶಾಲಾ ವಾರ್ಷಿಕೋತ್ಸವದ ವಿಡಿಯೋ. ಇವನ್ನು ಪುಕ್ಕಟೆ ಮಾಡಬಾರದು ಅಂತ ನಾನು ಹೇಳುವುದಿಲ್ಲ, ಮಾಡದೆ ಊರಲ್ಲಿ ಇರುವುದೂ ಆಗುವುದಿಲ್ಲ. ಆದರೆ ಬಿಲ್ ಕೊಡಿ. 8,000 ಅಂತ ಬರೆದು, ಕೆಳಗೆ ರಿಯಾಯಿತಿ 8,000, ಬಾಕಿ ಸೊನ್ನೆ. ಶಾಮಿಯಾನದವರ ಬಿಲ್ ಕಮಿಟಿಯ ಲೆಕ್ಕಪತ್ರದಲ್ಲಿ ಇರುತ್ತದೆ, ಮೈಕ್‌ನವರದ್ದೂ ಇರುತ್ತದೆ, ನಿಮ್ಮದೂ ಇರಲಿ. ಮುಂದಿನ ವರ್ಷ ಕಮಿಟಿ ಬದಲಾದಾಗ ಹೊಸ ಕಾರ್ಯದರ್ಶಿಯ ಕೈಗೆ ಸಿಗುವುದು ಆ ಕಾಗದ.