ಬೀಡಿ ಬ್ರಾಂಚಿನಿಂದ ಹೋಮ್ ಆಫೀಸಿನವರೆಗೆ

"ಮನೆಯಿಂದ ಕೆಲಸ ಅಂದ್ರೆ ಐಟಿಯವರ ವಿಷಯ. ವಯರ್ ಎಳೆಯೋ ನಿನಗ್ಯಾಕೆ ಮಾರಾಯ ಅದು?" ಈ ಲೇಖನ ಬರೀತೇನೆ ಅಂದಾಗ ನಮ್ಮ ಬಳಗದ ಗೆಳೆಯನೊಬ್ಬ ಹೀಗೆ ಕೇಳಿದ. ಅವನ ಪ್ರಶ್ನೆ ಸರಿ. ನಾನು ಬಂಟ್ವಾಳ ತಾಲೂಕಿನವನು, ಸರಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತವನು. ಈಗ ಮ್ಯೂನಿಕ್ ಸುತ್ತಮುತ್ತ ಕಟ್ಟಡಗಳಿಗೆ ವೈರಿಂಗ್ ಮಾಡುತ್ತೇನೆ. ಗೋಡೆ ಕೊರೆಯುವ ಕೆಲಸ ಮನೆಯಲ್ಲಿ ಕೂತು ಆಗುವುದಿಲ್ಲ.

ಆದರೆ ಮೂರು ವರ್ಷದ ಹಿಂದೆ ನಮ್ಮ ಮಾಲೀಕರು ಒಂದು ಹೊಸ ಪದ್ಧತಿ ತಂದರು. ಬೆಳಿಗ್ಗೆ ವರ್ಕ್‌ಶಾಪಿಗೆ ಬರೋದು ಬೇಡ, ವ್ಯಾನ್ ನಿಮ್ಮ ಮನೆ ಹತ್ತಿರವೇ ಇರಲಿ, ಕೆಲಸದ ವಿಳಾಸ ಫೋನಿಗೆ ಬರುತ್ತೆ ಅಂದರು. ನಮಗೆಲ್ಲ ಖುಷಿಯೇ ಆಯಿತು. ದಿನಕ್ಕೆ ಮುಕ್ಕಾಲು ಗಂಟೆ ಉಳಿಯಿತು. ಮಗುವನ್ನು ಕಿಂಡರ್‌ಗಾರ್ಟನ್‌ಗೆ ಬಿಟ್ಟು ಹೋಗಲು ಅನುಕೂಲವಾಯಿತು. ಒಂದು ಚಳಿಗಾಲ ಕಳೆದ ಮೇಲೆ ಗೊತ್ತಾದದ್ದು, ನಾನು ನನ್ನ ಸಹೋದ್ಯೋಗಿಗಳ ಮುಖ ನೋಡದೆ ಎರಡು ತಿಂಗಳ ಮೇಲಾಗಿತ್ತು. ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮಾತಾಡುತ್ತಿದ್ದ ಹತ್ತು ನಿಮಿಷವೂ ಹೋಗಿತ್ತು. ಆ ಹತ್ತು ನಿಮಿಷದ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮ್ಮನ ಮೊರ

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಅದೂ ಮನೆಯಿಂದ ಕೆಲಸವೇ. ಸಮಯ ಅವರದ್ದೇ: ಅಡುಗೆ ಆದ ಮೇಲೆ, ದನಕ್ಕೆ ಹುಲ್ಲು ಹಾಕಿದ ಮೇಲೆ, ರಾತ್ರಿ ಎಲ್ಲರೂ ಮಲಗಿದ ಮೇಲೆ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ತಂಬಾಕು, ನೂಲು. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಂಡುಹೋಗಿ ಕೊಟ್ಟು, ಹೊಸ ಎಲೆ ತರಬೇಕಿತ್ತು. ಬ್ರಾಂಚಿನಲ್ಲಿ ಸರತಿ ಸಾಲು. ಸರಿಯಿಲ್ಲ ಅಂತ ಒಂದಷ್ಟು ಬೀಡಿ ಪಕ್ಕಕ್ಕೆ ಹಾಕಿದರೆ ಅದಕ್ಕೆ ಕೂಲಿ ಇಲ್ಲ. ಮನೆಯಲ್ಲಿ ಒಬ್ಬರೇ ಕೂತಿದ್ದರೆ ಅಮ್ಮನಿಗೆ ಅನ್ನಿಸುತ್ತಿದ್ದುದು, ತಪ್ಪು ನನ್ನ ಕೈಯದ್ದೇ ಅಂತ. ಬ್ರಾಂಚಿನ ಜಗಲಿಯಲ್ಲಿ ನಾಲ್ಕು ಹೆಂಗಸರು ಲೆಕ್ಕ ಹೇಳಿಕೊಂಡಾಗಲೇ, ಎಲ್ಲರದ್ದೂ ಅಷ್ಟೇ ತೆಗೆದಿದ್ದಾರೆ, ಈ ಸಲ ಎಲೆಯೇ ಹಾಳು ಅಂತ ಗೊತ್ತಾಗುತ್ತಿತ್ತು. ಆಮೇಲೆ ಒಟ್ಟಿಗೆ ಹೋಗಿ ಕೇಳುತ್ತಿದ್ದರು.

ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ತೆಗೆದುಹಾಕಿದ ಬೀಡಿ ಬಗ್ಗೆ, ಕೊಟ್ಟ ಎಲೆಯ ಬಗ್ಗೆ ತಕರಾರು ಬಂದರೆ ತೀರ್ಮಾನಿಸಲು ಅಧಿಕಾರಿ ಇರಬೇಕು ಅಂತ ಆ ಕಾಯ್ದೆಯಲ್ಲೇ ಇತ್ತು. ಬೀಡಿ ಕಂಪನಿಗಳು ಕೋರ್ಟಿಗೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಬರ್ಲಿನ್, 1906

ಇದೇ ಕಥೆ ಜರ್ಮನಿಯಲ್ಲಿ ನಮಗಿಂತ ಮೊದಲೇ ನಡೆದಿತ್ತು. ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿನ ಬಡ ಮನೆಗಳಲ್ಲಿ ಹೆಂಗಸರು, ಮಕ್ಕಳು ಕೂತು ಬಟ್ಟೆ ಹೊಲಿಯುತ್ತಿದ್ದರು, ಆಟಿಕೆ ಮಾಡುತ್ತಿದ್ದರು. ಅದಕ್ಕೆ ಇಲ್ಲಿ ಹೈಮ್‌ಆರ್ಬೈಟ್ ಅನ್ನುತ್ತಾರೆ. 1906ರಲ್ಲಿ ಬರ್ಲಿನ್ನಿನಲ್ಲಿ ಇಂಥ ಕೆಲಸದ ಪ್ರದರ್ಶನವೇ ನಡೆಯಿತು. ಮಾಡಿದ ವಸ್ತುವಿನ ಪಕ್ಕದಲ್ಲಿ, ಅದನ್ನು ಮಾಡಿದವರಿಗೆ ಎಷ್ಟು ಕೂಲಿ ಸಿಗುತ್ತೆ ಅಂತ ಚೀಟಿ. ಅದರ ಪೋಸ್ಟರ್ ಬರೆದದ್ದು ಚಿತ್ರಕಲಾವಿದೆ ಕೇಟೆ ಕೋಲ್‌ವಿಟ್ಸ್. ದಣಿದು ಬಸವಳಿದ ಒಬ್ಬ ಹೆಂಗಸಿನ ಮುಖ, ಅಷ್ಟೇ. ಆ ಪೋಸ್ಟರ್ ತೆಗೆಯದೆ ನಾನು ಬರುವುದಿಲ್ಲ ಅಂತ ಜರ್ಮನಿಯ ಚಕ್ರವರ್ತಿನಿ ಹೇಳಿದರಂತೆ. ಪೋಸ್ಟರಿನ ಆ ಮುಖ ನೋಡಿದಾಗ ನನಗೆ ಚಿಮಣಿ ಬೆಳಕಲ್ಲಿ ಕೂತ ಅಮ್ಮನ ನೆನಪಾಯಿತು.

1911ರಲ್ಲಿ ಮೊದಲ ಕಾನೂನು ಬಂತು. ಈಗಲೂ ಜಾರಿಯಲ್ಲಿರುವುದು 1951ರ ಹೈಮ್‌ಆರ್ಬೈಟ್ ಕಾನೂನು. ಅದರಲ್ಲಿ ಎರಡು ಮಾತು ನನಗೆ ಬಹಳ ಹಿಡಿಸಿತು. ಕೆಲಸ ಕೊಡುವ ಮತ್ತು ವಾಪಸು ಪಡೆಯುವ ಕೋಣೆಯಲ್ಲಿ ಕೂಲಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಕೆಲಸಗಾರರನ್ನು ಅಲ್ಲಿ ಸುಮ್ಮನೆ ಕಾಯಿಸಬಾರದು. ಬ್ರಾಂಚಿನ ಸಾಲಿನಲ್ಲಿ ನಿಂತವರ ಕಷ್ಟ ಬಲ್ಲವರೇ ಇದನ್ನು ಬರೆದಿರಬೇಕು!

ಒಟ್ಟೊಬ್ರುನ್ನಿನ ಗಡಿಯಾರ

ಮುಂದಿನ ಹೆಜ್ಜೆ ನಾನೇ ಕೇಬಲ್ ಎಳೆದ ಊರಿನಲ್ಲಿ ನಡೆದದ್ದು. ಮ್ಯೂನಿಕ್ ಪಕ್ಕದ ಒಟ್ಟೊಬ್ರುನ್‌ನಲ್ಲಿ ಬೊಲ್ಕೊ ಎಂಬ ವಿಮಾನ, ರಾಕೆಟ್ ಕಂಪನಿ ಇತ್ತು. ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ಬಂದು ರಸ್ತೆಯೆಲ್ಲ ಜಾಮ್. ಆಗ ಕ್ರಿಸ್ಟೆಲ್ ಕಾಮ್ಮರರ್ ಎಂಬ ಅರ್ಥಶಾಸ್ತ್ರಜ್ಞೆಯ ಯೋಚನೆಯಂತೆ 1967ರಲ್ಲಿ ಅಲ್ಲಿ ಗ್ಲೈಟ್‌ಸೈಟ್ ಶುರುವಾಯಿತು. ಅಂದರೆ ಬರುವ, ಹೋಗುವ ಸಮಯವನ್ನು ಒಂದು ಮಿತಿಯೊಳಗೆ ಕೆಲಸಗಾರರೇ ಆರಿಸಿಕೊಳ್ಳುವುದು. ಕೆಲಸಕ್ಕೆ ಜನ ಸಾಲದ ಆ ಕಾಲದಲ್ಲಿ, ಮನೆ ನೋಡಿಕೊಳ್ಳುವ ಹೆಂಗಸರೂ ಕೆಲಸಕ್ಕೆ ಬರುವಂತಾಗಲಿ ಎಂಬುದು ಕಾಮ್ಮರರ್ ಅವರ ಆಸೆಯಾಗಿತ್ತು.

ಆದರೆ ಗಮನಿಸಿ, ಈ ಪದ್ಧತಿಗೆ ಇನ್ನೊಂದು ಅರ್ಧವಿದೆ. ಅದು ಕೆರ್ನ್‌ಸೈಟ್, ಅಂದರೆ ದಿನದ ನಡುವೆ ಎಲ್ಲರೂ ಇರಲೇಬೇಕಾದ ಹೊತ್ತು. ಎರಡು ತುದಿ ಸಡಿಲ, ನಡುವೆ ಗಂಟು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವಯರ್ ಎಷ್ಟೇ ಕಡೆ ಹೋಗಲಿ, ಬೋರ್ಡಿಗೆ ಬಂದು ಸೇರಬೇಕು.

ಕಂಪ್ಯೂಟರ್ ಬಂದ ಮೇಲೆ, 1980ರ ದಶಕದಲ್ಲಿ ಮನೆಯಿಂದ ಕೆಲಸದ ಮಾತು ಎದ್ದಾಗ ಇಲ್ಲಿನ ಕಾರ್ಮಿಕ ಸಂಘಗಳು ಗಟ್ಟಿಯಾಗಿ ವಿರೋಧಿಸಿದವು. ಈಗ ಕೇಳಿದರೆ ನಗು ಬರಬಹುದು. ಆದರೆ ಅವರ ಕಣ್ಣ ಮುಂದೆ ಹಳೆಯ ಹೈಮ್‌ಆರ್ಬೈಟ್‌ನ ಹೆಂಗಸರಿದ್ದರು. ಒಂಟಿಯಾಗಿ ಕೂತವರನ್ನು ಕೂಲಿ ಇಳಿಸಿ ದುಡಿಸುವುದು ಸುಲಭ ಅಂತ ಅವರಿಗೆ ಗೊತ್ತಿತ್ತು. ಆಮೇಲೆ ದಾರಿ ಸಿಕ್ಕಿತು, ಅದು ನಿಷೇಧದಿಂದಲ್ಲ, ಬರವಣಿಗೆಯಿಂದ. 1991ರಲ್ಲಿ ಜರ್ಮನಿಯ ಐಬಿಎಂ, ಕೆಲಸಗಾರರು ಆರಿಸಿದ ಬೆಟ್ರೀಬ್ಸ್‌ರಾಟ್ ಜೊತೆ ಮನೆಯಲ್ಲಿ ಮಾಡುವ ಕೆಲಸದ ಬಗ್ಗೆ ಲಿಖಿತ ಒಪ್ಪಂದ ಮಾಡಿಕೊಂಡಿತು.

ಕೊರೊನಾ ಕಾಲ ನಿಮಗೆಲ್ಲ ನೆನಪಿದೆ. 2021ರಲ್ಲಿ ಆಗುವವರಿಗೆಲ್ಲ ಮನೆಯಿಂದ ಕೆಲಸ ಕೊಡಲೇಬೇಕು ಅಂತ ಸರಕಾರವೇ ಹೇಳಿತು. ಅದೇ ವರ್ಷ ಜೂನ್‌ನಲ್ಲಿ, ಇಂಥ ಕೆಲಸ ಹೇಗೆ ನಡೆಯಬೇಕು ಎಂಬುದರಲ್ಲಿ ಬೆಟ್ರೀಬ್ಸ್‌ರಾಟ್‌ಗೂ ನಿರ್ಧಾರದ ಹಕ್ಕು ಸಿಕ್ಕಿತು. ಡಿಸೆಂಬರ್ 8ರಂದು ಕಾಸೆಲ್‌ನ ಒಕ್ಕೂಟ ಸಾಮಾಜಿಕ ನ್ಯಾಯಾಲಯ, ಹಾಸಿಗೆಯಿಂದ ಎದ್ದು ಮನೆಯೊಳಗಿನ ಆಫೀಸಿಗೆ ಹೋಗುವಾಗ ಮೆಟ್ಟಿಲಲ್ಲಿ ಬಿದ್ದವನದ್ದೂ ಕೆಲಸದ ದಾರಿಯ ಅಪಘಾತವೇ ಅಂತ ತೀರ್ಪು ಕೊಟ್ಟಿತು.

ವ್ಯಾನ್ ಓಡಿಸುವವರ ಕೇಸು

ನಮ್ಮಂಥವರಿಗೆ ಹತ್ತಿರದ ಕೇಸು ಮಾತ್ರ ಸ್ಪೇನಿನದ್ದು. ಟೈಕೊ ಎಂಬ ಕಂಪನಿಯ ಟೆಕ್ನಿಷಿಯನ್‌ಗಳು ಭದ್ರತಾ ಅಲಾರಂ ಹಾಕುತ್ತಿದ್ದರು. 2011ರಲ್ಲಿ ಕಂಪನಿ ಅಲ್ಲಲ್ಲಿದ್ದ ಕಚೇರಿಗಳನ್ನು ಮುಚ್ಚಿತು. ಗಾಡಿ ಮನೆಯಲ್ಲಿ, ಕೆಲಸದ ಪಟ್ಟಿ ಫೋನಿನಲ್ಲಿ, ಥೇಟ್ ನನ್ನ ಹಾಗೆಯೇ! ಆದರೆ ಮೊದಲ ಗಿರಾಕಿಯ ಬಾಗಿಲಿನವರೆಗಿನ ಪಯಣ ಕೆಲಸವಲ್ಲ ಅಂದರು. 2015ರ ಸೆಪ್ಟೆಂಬರ್ 10ರಂದು ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ, ಖಾಯಂ ಕೆಲಸದ ಜಾಗ ಇಲ್ಲದವರಿಗೆ ಆ ಪಯಣವೂ ಕೆಲಸದ ಸಮಯವೇ ಅಂತ ಹೇಳಿತು. ಆ ಹೊತ್ತಿಗೆ ಸಂಬಳ ಎಷ್ಟು ಎಂಬುದು ಮಾತ್ರ ಆಯಾ ದೇಶದ ಕಾನೂನಿಗೆ, ಒಪ್ಪಂದಕ್ಕೆ ಬಿಟ್ಟದ್ದು.

ಇದು ನನಗೆ ಗೊತ್ತೇ ಇರಲಿಲ್ಲ. ಏಳು ತಿಂಗಳು ನಾನು ಗಿರಾಕಿಯ ಬಾಗಿಲಿನಿಂದ ಸಮಯ ಬರೆಯುತ್ತಿದ್ದೆ. ಒಂದು ದಿನ ದೊಡ್ಡ ಕಟ್ಟಡದ ಕೆಲಸಕ್ಕೆ ಪೋಲೆಂಡಿನ ಸಹೋದ್ಯೋಗಿಯನ್ನೂ ನನ್ನನ್ನೂ ಒಟ್ಟಿಗೆ ಕಳಿಸಿದರು. ಬ್ರೆಡ್ ತಿನ್ನುತ್ತಾ ಮಾತಿಗೆ ಮಾತು ಬಂದು ಗೊತ್ತಾಯಿತು, ಅವನು ಮನೆ ಬಾಗಿಲಿನಿಂದ ಬರೆಯುತ್ತಾನೆ, ಅವನಿಗೆ ಸಂಬಳವೂ ಬರುತ್ತೆ. ಒಂದೇ ಕಂಪನಿ, ಒಂದೇ ಕೆಲಸ, ಎರಡು ಲೆಕ್ಕ. ಬ್ರಾಂಚಿನ ಜಗಲಿಯ ಲೆಕ್ಕವೇ ಇದು ಅಂತ ನನಗೆ ಅಲ್ಲೇ ಅನ್ನಿಸಿತು.

ನಾವು ಐದು ಜನ ಸೇರಿ ಮಾಲೀಕರ ಹತ್ತಿರ ಹೋದೆವು. ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಕಾಗದ ತೆಗೆದು ನೋಡಿ, ಎಲ್ಲರಿಗೂ ಒಂದೇ ನಿಯಮ ಬರೆದುಕೊಟ್ಟರು. ಹಳೆಯ ಏಳು ತಿಂಗಳಲ್ಲಿ ಮೂರು ತಿಂಗಳದ್ದು ಮಾತ್ರ ಸಿಕ್ಕಿತು. ಇನ್ನೊಂದು ಕೇಳಿಕೊಂಡೆವು: ತಿಂಗಳ ಮೊದಲ ಸೋಮವಾರ ಎಲ್ಲರೂ ವರ್ಕ್‌ಶಾಪಿಗೆ ಬರುವುದು, ಆ ಒಂದು ಗಂಟೆಗೂ ಸಂಬಳ. ಉಳಿದ ದಿನ ವ್ಯಾನ್ ಮನೆ ಹತ್ತಿರವೇ. ಹಳೆಯ ಪದ್ಧತಿಗೆ ವಾಪಸು ಹೋಗಲು ನಮ್ಮಲ್ಲಿ ಯಾರಿಗೂ ಇಷ್ಟವಿರಲಿಲ್ಲ.

ಸಂಬಳ ಕೊಟ್ಟು ಸಭೆ ಸೇರಿಸುವುದು ನಾವು ಕಂಡುಹಿಡಿದದ್ದೇನಲ್ಲ. ಬೆಟ್ರೀಬ್ಸ್‌ರಾಟ್ ಇರುವ ಕಡೆ ಮೂರು ತಿಂಗಳಿಗೊಮ್ಮೆ ಎಲ್ಲ ಕೆಲಸಗಾರರ ಸಭೆ ಕರೆಯಬೇಕು ಅಂತ 1972ರ ಕಾನೂನಿನಲ್ಲೇ ಇದೆ. ಆ ಸಮಯಕ್ಕೆ, ಅಲ್ಲಿಗೆ ಬರಲು ಹಿಡಿಯುವ ಹೆಚ್ಚಿನ ಸಮಯಕ್ಕೂ ಕೂಲಿ ಕೊಡಬೇಕು. ಕೊರೊನಾದಲ್ಲಿ ವಿಡಿಯೋದಲ್ಲಿ ನಡೆಸಲು ಅನುಮತಿ ಕೊಟ್ಟರು, ಅದೂ ತಾತ್ಕಾಲಿಕವಾಗಿ. ಮತದಾನದ ಹಕ್ಕಿರುವ ಐದು ಖಾಯಂ ಕೆಲಸಗಾರರಿದ್ದರೆ ಸಾಕು, ಬೆಟ್ರೀಬ್ಸ್‌ರಾಟ್ ಆರಿಸಬಹುದು. ನಮ್ಮಲ್ಲಿ ಇನ್ನೂ ಇಲ್ಲ, ಮಾತು ನಡೆಯುತ್ತಿದೆ.

ಐಟಿ ಗೆಳೆಯರೇ, ನರ್ಸಿಂಗ್ ಅಕ್ಕಂದಿರೇ, ನನ್ನಂತೆ ಟೂಲ್ ಬ್ಯಾಗ್ ಹೊತ್ತವರೇ, ಮನೆಯಿಂದ ಕೆಲಸ ಸಿಕ್ಕರೆ ಬಿಡಬೇಡಿ. ಆದರೆ ಎಲ್ಲರೂ ಸೇರುವ ದಿನ ಯಾವುದು, ಅದಕ್ಕೆ ಸಂಬಳ ಇದೆಯೇ ಅಂತ ಕೇಳಿ, ಬರೆಸಿಕೊಳ್ಳಿ. ಮುಂದಿನ ಯುಗಾದಿ ಕೂಟಕ್ಕೆ ಬರುವಾಗ ಒಬ್ಬಟ್ಟಿನ ಡಬ್ಬಿಯ ಜೊತೆ ಸಂಬಳದ ಚೀಟಿಯನ್ನೂ ತನ್ನಿ. ಊಟ ಆದ ಮೇಲೆ ಜಗಲಿಯಲ್ಲಿ ಕೂತ ಹಾಗೆ ಕೂತು ಲೆಕ್ಕ ಹೇಳಿಕೊಳ್ಳೋಣ.