ಕಿವಿಗೆ ಕಂಡ ರಂಗಭೂಮಿ

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸಿ, ನಾಟಕವನ್ನು ದೃಶ್ಯದ ಪಂಕ್ತಿಯಲ್ಲಿ ಕುಳ್ಳಿರಿಸಿದರು. ವೇಷಭೂಷಣ, ಮುಖಭಾವ, ಹಸ್ತಾಭಿನಯಗಳೆಲ್ಲವನ್ನೂ ತೊರೆದು, ಕೇವಲ ಧ್ವನಿಮಾತ್ರವಾಗಿ ನಿಲ್ಲಬಲ್ಲ ನಾಟಕವೊಂದು ಹುಟ್ಟೀತೆಂದು ಊಹಿಸುವ ಪ್ರಸಕ್ತಿಯೇ ಅವರಿಗೆ ಒದಗಿರಲಿಲ್ಲ. ಬಾನುಲಿಗೆಂದೇ ರಚಿತವಾದ ನಾಟಕಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಗಣಿತವಾಗಿರುವ ಕೃತಿಯು 1924ನೆಯ ಜನವರಿ 15ರಂದು ಲಂಡನ್ನಿನಿಂದ ಪ್ರಸಾರವಾಯಿತು. ಅದರ ಹೆಸರು ‘ಎ ಕಾಮೆಡಿ ಆಫ್ ಡೇಂಜರ್’. ಕರ್ತೃವು 23 ವರ್ಷದ ತರುಣ ರಿಚರ್ಡ್ ಹ್ಯೂಸ್. ನೋಟವಿಲ್ಲದ ನಾಟಕಕ್ಕೆ ನೋಟವೇ ಅಸಾಧ್ಯವಾದ ಸನ್ನಿವೇಶವನ್ನು ಆರಿಸಿದುದರಲ್ಲಿ ಆತನ ಪ್ರತಿಭೆಯಿದೆ: ವೇಲ್ಸ್ ಪ್ರಾಂತದ ಕಲ್ಲಿದ್ದಲ ಗಣಿಯನ್ನು ನೋಡಲು ಇಳಿದ ಮೂವರು ಸಂದರ್ಶಕರು ಭೂಗರ್ಭದಲ್ಲಿರುವಾಗ ದೀಪಗಳು ಆರಿಹೋಗುತ್ತವೆ, ಸ್ಫೋಟವಾಗುತ್ತದೆ, ನೀರು ಏರತೊಡಗುತ್ತದೆ. ಶ್ರೋತೃಗಳು ಮನೆಯ ದೀಪಗಳನ್ನು ಆರಿಸಿ ಕೇಳಬೇಕೆಂಬ ಸೂಚನೆಯೂ ಇದ್ದಿತು.

ಈ ಪ್ರಸಾರದ ವಿಷಯವಾಗಿ ಹ್ಯೂಸ್ ಮುಂದೆ ನೆನೆದುಕೊಂಡ ಒಂದು ಸಂಗತಿ ನನಗೆ ನಾಟಕಕ್ಕಿಂತಲೂ ಅರ್ಥವತ್ತಾಗಿ ತೋರುತ್ತದೆ. ಗಣಿಯ ಆಳದಿಂದ ಕೇಳಿಬರುವ ಹಾಡಿಗಾಗಿ, ಕೆಲಸ ಕಳೆದುಕೊಂಡು ಲಂಡನ್ನಿನ ಬೀದಿಗಳಲ್ಲಿ ಹಾಡುತ್ತಿದ್ದ ವೇಲ್ಸಿನ ಗಣಿಕಾರ್ಮಿಕರನ್ನೇ ಕರೆತಂದು, ಧ್ವನಿಕೋಷ್ಠದ ಹೊರಗಣ ಓಣಿಯಲ್ಲಿ ನಿಲ್ಲಿಸಿ, ಹಾಡು ಬೇಕಾದಾಗ ಬಾಗಿಲನ್ನು ತೆರೆದು, ಬೇಡವಾದಾಗ ಮುಚ್ಚುತ್ತಿದ್ದರಂತೆ. ಒಳಗೆ ಮಾತನಾಡಿದವರು ನಟರು. ಗಣಿಯನ್ನು ಬಲ್ಲವರು ಬಾಗಿಲಿನಾಚೆಗೆ. ಇವರ ಕಂಠ ಬೇಕಾಯಿತು, ಮಾತು ಬೇಕಾಗಲಿಲ್ಲ. ಮುಂದಿನ ಸುಮಾರು ನಾಲ್ಕು ದಶಕಗಳ ಬಾನುಲಿಯ ಚರಿತ್ರೆಯನ್ನು ಆ ಬಾಗಿಲಿನ ಚರಿತ್ರೆಯೆಂದೇ ನಾನು ಓದುತ್ತೇನೆ.

ಅದು ಮುಚ್ಚಿದ್ದುದಕ್ಕೆ ಕಾರಣಗಳೆರಡು. ಧ್ವನಿಮುದ್ರಣಯಂತ್ರಗಳು ಲಾರಿಯೊಂದನ್ನೇ ತುಂಬುವಷ್ಟು ಭಾರವಾಗಿದ್ದುವು. ಅದಕ್ಕಿಂತ ಹೆಚ್ಚಾಗಿ, ಸಾಮಾನ್ಯನು ಆಡಿದುದನ್ನು ಬರೆದುಕೊಂಡು, ತಿದ್ದಿ, ಆ ಬರಹವನ್ನು ಮರಳಿ ಅವನ ಕೈಗಿತ್ತು ಓದಿಸುವುದು ಅಂದಿನ ಪದ್ಧತಿಯಾಗಿತ್ತು. ತನ್ನ ಮಾತನ್ನೇ ಪರರ ಪಾಠದಂತೆ ಒಪ್ಪಿಸಬೇಕಾದವನ ಕಂಠದಲ್ಲಿ ಜೀವವೆಲ್ಲಿ ಉಳಿದೀತು? ಈ ಪದ್ಧತಿಯನ್ನು ಮೊದಲು ಮುರಿದವರಲ್ಲಿ ಮ್ಯಾಂಚೆಸ್ಟರಿನ ಆಲಿವ್ ಶೇಪ್ಲಿ ಎಂಬ ಮಹಿಳೆಯು ಅಗ್ರಗಣ್ಯಳು. 1930ರ ದಶಕದ ಕೊನೆಯಲ್ಲಿ ಆಕೆಯು ಆ ಯಂತ್ರವಾಹನವನ್ನೇ ಊರೂರಿಗೆ ಕೊಂಡೊಯ್ದು, ಡರ್‌ಹಮ್ ಪ್ರಾಂತದ ಗಣಿಕಾರ್ಮಿಕರ ಮಡದಿಯರ ಬಾಳನ್ನು ಫ್ರಾನ್ಸಿನ ಅಂಥ ಗೃಹಿಣಿಯರ ಬಾಳಿನೊಡನೆ ಹೋಲಿಸಿ ನಿರೂಪಿಸಿದಳು. ಆಕೆಯ ಹೆಸರು ಇಂದು ಅಷ್ಟಾಗಿ ಕೇಳಿಬರದಿರುವುದು ಖೇದಕರ.

ಯುದ್ಧಕಾಲದಲ್ಲಿ, ನಮ್ಮ ಆಕಾಶವಾಣಿಯು ರೂಪಕವೆಂದು ಕರೆಯುವ ಪ್ರಕಾರವು ಬಿ.ಬಿ.ಸಿ.ಯಲ್ಲಿ ಲಾರೆನ್ಸ್ ಗಿಲಿಯಮ್‌ನ ನೇತೃತ್ವದಲ್ಲಿ ಪ್ರೌಢಿಮೆಗೆ ಬಂದಿತು. ಕವಿ ಲೂಯಿ ಮ್ಯಾಕ್‌ನೀಸ್ ಆ ವಿಭಾಗದ ಭೂಷಣ. ಬೆಂಜಮಿನ್ ಬ್ರಿಟನ್ನನ ಸಂಗೀತದೊಡನೆ 1946ರ ಜನವರಿಯಲ್ಲಿ ಪ್ರಸಾರವಾದ ‘ದ ಡಾರ್ಕ್ ಟವರ್’ ಅವನ ಕೃತಿ. 1947ರಲ್ಲಿ ಸ್ವಾತಂತ್ರ್ಯೋದಯದ ಸಮಯಕ್ಕೆ ಅವನು ಭಾರತಕ್ಕೂ ಬಂದು, ವಿಭಜನೆಯ ದಾರುಣವನ್ನು ಕಣ್ಣಾರೆ ಕಂಡು ಹೋದನು.

1946ರ ಸೆಪ್ಟೆಂಬರ್ 29ರಂದು ‘ಥರ್ಡ್ ಪ್ರೋಗ್ರಾಮ್’ ಎಂಬ ಪ್ರತ್ಯೇಕ ಪ್ರಸಾರವು ಆರಂಭವಾದುದು ಈ ಕಲೆಯ ಭಾಗ್ಯೋದಯವೆನ್ನಬೇಕು. ಸಂಜೆ ಆರರಿಂದ ನಡುರಾತ್ರಿಯವರೆಗೆ, ಕಾರ್ಯಕ್ರಮವನ್ನು ಗಡಿಯಾರಕ್ಕೆ ತಕ್ಕಂತೆ ಕತ್ತರಿಸದೆ, ನಾಟಕ, ಕಾವ್ಯವಾಚನ, ವಿದ್ವತ್ಪ್ರವಚನ, ಸಂಗೀತ, ರೂಪಕಗಳನ್ನು ಒಂದರ ಹಿಂದೊಂದಾಗಿ ಬಡಿಸುವ ಆ ಔದಾರ್ಯವನ್ನು ಇಂದಿನ ಯಾವ ಸಂಸ್ಥೆಯು ತೋರೀತು? ಡೈಲನ್ ಥಾಮಸನ ‘ಅಂಡರ್ ಮಿಲ್ಕ್ ವುಡ್’ ಅಲ್ಲಿಂದಲೇ, ಕವಿಯು ತೀರಿಕೊಂಡ ಎರಡು ತಿಂಗಳ ತರುವಾಯ, 1954ರ ಜನವರಿ 25ರಂದು ಕೇಳಿಬಂದಿತು. ವೇಲ್ಸಿನ ಕಡಲತಡಿಯ ಸಣ್ಣ ಊರೊಂದರ ಒಂದೇ ದಿನದ ವೃತ್ತಾಂತವದು. ಮಲಗಿರುವವರ ಕನಸುಗಳಿಂದ ಮೊದಲುಗೊಂಡು ಹಗಲನ್ನು ದಾಟಿ ಮತ್ತೆ ಇರುಳನ್ನು ಸೇರುವ ಅದರ ಗತಿಯು ಧ್ವನಿಯಲ್ಲಲ್ಲದೆ ಬೇರಾವ ರಂಗದಲ್ಲಿಯೂ ಅಷ್ಟು ಸಹಜವಾಗಿ ಸಾಗಲಾರದು. 1957ರಲ್ಲಿ ಸ್ಯಾಮ್ಯುಅಲ್ ಬೆಕೆಟ್ಟನ ‘ಆಲ್ ದಟ್ ಫಾಲ್’ ಬಂದಿತು. ಅಂಥ ಕೃತಿಗಳು ಬೇಡಿದ ಅಪೂರ್ವಧ್ವನಿಗಳಿಗಾಗಿ ಮರುವರ್ಷ ‘ರೇಡಿಯೋಫೋನಿಕ್ ವರ್ಕ್‌ಷಾಪ್’ ಎಂಬ ಕಾರ್ಯಾಗಾರವೇ ಸ್ಥಾಪಿತವಾಯಿತು. ಆದರೂ ಥಾಮಸನ ಊರವರು ಕವಿಯ ಮಾನಸಪುತ್ರರೇ ಹೊರತು ಊರವರಲ್ಲ.

ಬಾಗಿಲು ನಿಜವಾಗಿ ತೆರೆದುದು ಬರ್ಮಿಂಗ್‌ಹ್ಯಾಮಿನ ಬಾನುಲಿ ನಿರ್ಮಾಪಕ ಚಾರ್ಲ್ಸ್ ಪಾರ್ಕರನಿಂದ. 1957ರ ಫೆಬ್ರವರಿಯಲ್ಲಿ ಜಾನ್ ಆಕ್ಸನ್ ಎಂಬ ರೈಲುಚಾಲಕನು, ಉಗಿಕೊಳವೆಯೊಡೆದು ಬ್ರೇಕು ಕೈಕೊಟ್ಟ ಸರಕುಗಾಡಿಯನ್ನು ಬಿಟ್ಟು ಧುಮುಕದೆ, ಕುದಿಯುವ ಉಗಿಯ ನಡುವೆಯೇ ನಿಂತು ಪ್ರಾಣವನ್ನು ತೆತ್ತನು. ಆ ಕಥೆಗಾಗಿ ಪಾರ್ಕರನು ಗಾಯಕ ಯೂಅನ್ ಮೆಕಾಲ್‌ನೊಡನೆ, ಕೈಯಲ್ಲಿ ಹಿಡಿದೊಯ್ಯಬಹುದಾದ ಟೇಪ್ ರೆಕಾರ್ಡರಿನೊಂದಿಗೆ, ಆಕ್ಸನ್ನನ ಮಡದಿಯನ್ನೂ ಸಹೋದ್ಯೋಗಿಗಳನ್ನೂ ಕಂಡನು. ಆ ಮಾತುಗಳನ್ನು ಆಧರಿಸಿ ನಟರಿಂದ ಆಡಿಸಬೇಕೆಂಬುದು ಮೊದಲಿನ ಉದ್ದೇಶ. ಟೇಪುಗಳನ್ನು ಮತ್ತೆ ಮತ್ತೆ ಆಲಿಸಿದ ಮೆಕಾಲನಿಗೆ, ಆ ಕಂಠಗಳನ್ನು ಅನುಕರಿಸುವುದು ಅವುಗಳನ್ನು ಕೊಂದಂತೆ ಎಂಬುದು ಮನದಟ್ಟಾಯಿತು. ಕಾರ್ಮಿಕರ ಮಾತು ಹಾಗೆಯೇ ನಿಂತಿತು. ಹಾಡುಗಳು ಆ ಮಾತಿನ ಲಯವನ್ನು ಹಿಡಿದು ಹೊಮ್ಮಿದುವು. ಪೆಗ್ಗಿ ಸೀಗರ್ ಸಂಗೀತವನ್ನು ಹೊಂದಿಸಿದಳು. 1958ರ ಜುಲೈ 2ರಂದು ಪ್ರಸಾರವಾದ ಈ ಕೃತಿಯು ಎಂಟು ‘ರೇಡಿಯೋ ಬ್ಯಾಲೆಡ್’ಗಳ ಮಾಲೆಗೆ ನಾಂದಿಯಾಯಿತು.

ಅವುಗಳಲ್ಲಿ 1961ರ ‘ದ ಬಿಗ್ ಹ್ಯೂಅರ್’ ಕಲ್ಲಿದ್ದಲ ಗಣಿಗಳನ್ನು ಕುರಿತದ್ದು. ಡರ್‌ಹಮ್‌ನಲ್ಲಿಯೂ ವೇಲ್ಸಿನಲ್ಲಿಯೂ ಬೇರೆ ಬೇರೆ ಹೆಸರಿನಿಂದ ಪ್ರಸಿದ್ಧನಾದ, ಅಮಾನುಷ ಬಲದ ಒಬ್ಬ ಗಣಿಗಾರನ ಐತಿಹ್ಯವನ್ನು ಎಳೆಯಾಗಿ ಇಟ್ಟುಕೊಂಡು, ಧೂಳು ತುಂಬಿದ ಶ್ವಾಸಕೋಶದವರು, ತಂದೆಯ ಹಿಂದೆ ಬಾಲ್ಯದಲ್ಲಿಯೇ ಇಳಿದವರು, ತಮ್ಮ ಕತ್ತಲನ್ನು ತಮ್ಮ ಉಚ್ಚಾರಣೆಯಲ್ಲಿಯೇ ವರ್ಣಿಸುತ್ತಾರೆ. ವರ್ಣಿಸುವಾಗ ಅವರಿಗೆ ಉಪಮಾನಗಳ ದಾರಿದ್ರ್ಯವೆಂಬುದಿಲ್ಲ. ಕವಿಗಳಿಗೆ ಮಾತ್ರ ಮೀಸಲೆಂದು ನಾವು ನಂಬಿದ್ದ ವಾಕ್ಸಂಪತ್ತು ಇವರಲ್ಲಿ ಸಹಜವಾಗಿದ್ದುದನ್ನು ಕೇಳಿಸಿಕೊಟ್ಟುದೇ ಆ ಕೃತಿಯ ಹಿರಿಮೆ. ವೆಚ್ಚವು ಅಧಿಕವೆಂದು 1964ರಲ್ಲಿ ಮಾಲೆಯು ನಿಂತಿತು. ಪಾರ್ಕರನು ಸಂಗ್ರಹಿಸಿದ ಟೇಪುಗಳೂ ಕಾಗದಪತ್ರಗಳೂ ಬರ್ಮಿಂಗ್‌ಹ್ಯಾಮಿನ ಸಾರ್ವಜನಿಕ ಗ್ರಂಥಾಲಯದಲ್ಲಿ ರಕ್ಷಿತವಾಗಿವೆ.